ಸೂಜಿ ಚುಚ್ಚಿದ ಕಡೆ

ಹುಡುಗಿ ಒಂದು ಚಪ್ಪಲಿ ಬಿಟ್ಟು ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಪ್ರೊಫೆಸರು ಬಾಗಿಲಿಗೆ ಅಡ್ಡ ಬಂದು ನಿಂತರು.

"ಸೂಜಿ ಚುಚ್ಚಿದ್ದು ಎಡಗಡೆ ಅಂತಲೇ ಬರೆದುಬಿಡು," ಎಂದರು ಪಿಸುದನಿಯಲ್ಲಿ. "ಸಂಜೆ ಐದಕ್ಕೆ ವರದಿ ಕಳಿಸ್ಬೇಕು. ನಾನೇ ಸೂಜಿ ಮಾಮನಿಗೆ ಹೇಳಿಕೊಟ್ಟಿದ್ದು, ನನಗೆ ನೆನಪಿದೆ."

"ನಿನ್ನೆ ನೆನಪಿಲ್ಲ ಅಂದ್ರಲ್ಲ ಸರ್?"

"ಈಗ ಬಂತು. ಮತ್ತೆ ನೋಡು, ಮನೆಯವರ ಹತ್ರ ಇದನ್ನೆಲ್ಲ ಕೇಳೋಕೆ ಹೋಗ್ಬೇಡ. ಸತ್ತ ಮನೇಲಿ ಚೆನ್ನಾಗಿರಲ್ಲ."

ಚೆನ್ನಾಗಿರುವುದಿಲ್ಲ ಎನ್ನುವುದು ಅವಳಿಗೂ ಗೊತ್ತಿತ್ತು. ಕೇಳಲೆಂದೇ ಬಂದಿದ್ದಳು, ಅದಕ್ಕೇ ಅವಳಿಗೆ ನಾಚಿಕೆಯಾಗುತ್ತಿತ್ತು.

ಒಳಗೆ ಮಂಚದ ಮೇಲೆ ಮಲಗಿದ್ದವರನ್ನು ಲ್ಯಾಬಿನಲ್ಲಿ ಎಲ್ಲರೂ ಸೂಜಿ ಮಾಮ ಎನ್ನುತ್ತಿದ್ದರು. ವಿಶ್ವವಿದ್ಯಾಲಯದ ಮಿದುಳು ಸಂಶೋಧನೆಯ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಟೆಕ್ನಿಷಿಯನ್. ಇಲಿಯ ಮಿದುಳನ್ನು ಈರುಳ್ಳಿಯ ಪೊರೆಗಿಂತ ತೆಳ್ಳಗೆ ಹೆಚ್ಚಿ, ಆ ಹೋಳುಗಳನ್ನು ಉಪ್ಪುನೀರಿನ ಬಟ್ಟಲುಗಳಲ್ಲಿ ತೇಲಿಬಿಡುವುದು ಅವರ ಕೆಲಸ. ತೇಲುವ ಹೋಳು ಒಮ್ಮೆ ಮಗುಚಿಕೊಂಡರೆ ಎಡ ಯಾವುದು, ಬಲ ಯಾವುದು ಎಂದು ದೇವರಿಗೂ ತಿಳಿಯದು. ಅದಕ್ಕೇ ಹೆಚ್ಚುವ ಮೊದಲು ಮಿದುಳಿನ ಒಂದು ಪಾಲಿಗೆ ಸೂಜಿಯಿಂದ ಉದ್ದಕ್ಕೂ ಒಂದು ತೂತು. ಆಮೇಲೆ ಎಷ್ಟು ಹೋಳಾದರೂ ಪ್ರತಿಯೊಂದರಲ್ಲೂ ಅದೇ ಕಡೆ ಸಾಸಿವೆಗಿಂತ ಚಿಕ್ಕ ಗುರುತು.

ಹುಡುಗಿಯ ಮೂರು ವರ್ಷದ ಸಂಶೋಧನೆ ಆ ತೂತಿನ ಮೇಲೆ ನಿಂತಿತ್ತು. ಔಷಧಿಯನ್ನು ಪ್ರತಿ ಇಲಿಗೂ ಮಿದುಳಿನ ಎಡ ಪಾಲಿಗೇ ಅವಳೇ ಕೊಟ್ಟಿದ್ದಳು. ಎಣಿಸಿ ನೋಡಿದರೆ, ತೂತಿದ್ದ ಕಡೆ ಜೀವಕೋಶಗಳು ಚೆನ್ನಾಗಿ ಉಳಿದಿದ್ದವು, ತೂತಿಲ್ಲದ ಕಡೆ ಸತ್ತಿದ್ದವು. ತೂತು ಎಡಕ್ಕಿದ್ದರೆ ಔಷಧಿ ಮಿದುಳನ್ನು ಕಾಪಾಡಿದೆ. ಬಲಕ್ಕಿದ್ದರೆ ಅದೇ ಔಷಧಿ ಕೊಂದಿದೆ. ವರದಿ ನೋಡಿಕೊಂಡು ಆಸ್ಪತ್ರೆಯವರು ಅದನ್ನು ಮನುಷ್ಯರಿಗೆ ಕೊಟ್ಟು ನೋಡುವವರಿದ್ದರು. ಮಾಮನ ನೋಟ್‌ಬುಕ್ಕಿನ ಪುಟಪುಟದಲ್ಲೂ ಇದ್ದದ್ದು ಒಂದೇ ಮಾತು: ಗುರುತು ಎಂದಿನಂತೆ. ಎಂದಿನಂತೆ ಎಂದರೆ ಹೇಗೆ ಎಂದು ಕೇಳೋಣವೆಂದರೆ, ಮಾಮ ನಿನ್ನೆ ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಹಾಗೇ ಕುಸಿದುಹೋಗಿದ್ದರು.

*

ಮಾಮ ಅವಳಿಗೆ ಹೇಳಿಕೊಟ್ಟಿರಲಿಲ್ಲ ಎಂದಲ್ಲ. ಅವಳು ಸೇರಿದ ಮೊದಲ ವಾರವೇ ತಟ್ಟೆಯಲ್ಲೊಂದು ಮಿದುಳಿಟ್ಟುಕೊಂಡು ಕರೆದಿದ್ದರು.

"ಇಲ್ನೋಡಮ್ಮ. ಎದುರು ನಿಂತು ನೋಡಿದ್ರೆ ಅದರ ಎಡ ನಿನ್ನ ಬಲ ಆಗ್ಬಿಡತ್ತೆ. ಅದರ ಮುಖ ಯಾವ ಕಡೆಗಿದೆಯೋ ನೀನೂ ಅದೇ ಕಡೆಗೆ ತಿರುಗಿ ನಿಂತ್ಕೋ. ಆಮೇಲೆ ಕೈ ಎತ್ತಿ ನೋಡು."

ಹಾಗೆಂದವರು ತಾವೇ ಮಿದುಳಿಗೆ ಬೆನ್ನು ಹಾಕಿ ನಿಂತು, ಒಂದು ಕೈ ಎತ್ತಿ, ಹೆಬ್ಬೆರಳ ಬುಡವನ್ನು ದಿಟ್ಟಿಸಿದರು. ತಲೆ ನರೆತ ಮನುಷ್ಯ ಒಂದನೇ ಕ್ಲಾಸಿನ ಮಗುವಿನ ಹಾಗೆ ನಿಂತದ್ದು ನೋಡಿ ಅವಳಿಗೆ ನಗು ಬಂತು. ಚುಚ್ಚುವುದು ಯಾವ ಕಡೆ ಎಂದೂ ಆಗಲೇ ಹೇಳಿದರು. ಅಷ್ಟರಲ್ಲಿ ಅವಳ ಫೋನಿಗೆ ಮೆಸೇಜು ಬಂದಿತ್ತು.

"ಗೊತ್ತಾಯ್ತಾ?"

"ಗೊತ್ತಾಯ್ತು ಮಾಮ," ಎಂದಳು ತಲೆ ಎತ್ತದೆ.

ಮತ್ತೆ ಕೇಳುವ ಪ್ರಸಂಗವೇ ಬರಲಿಲ್ಲ. ಅವರಿರುವ ತನಕ ಬಟ್ಟಲುಗಳು ಸರಿಯಾಗಿಯೇ ಅವಳ ಮೇಜಿಗೆ ಬರುತ್ತಿದ್ದವು.

*

ಕೋಣೆಯಲ್ಲಿ ಮಾಮನ ಹೆಂಡತಿ ಮಂಚದ ಕಾಲ್ದೆಸೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ಅವರ ತಮ್ಮ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ: "ಭಾವ ಜೀವನವೆಲ್ಲ ಇಲಿ ಹಿಡಿದರು, ನಮ್ಮನೆ ಅಡುಗೆಮನೇದು ಒಂದೂ ಅವರ ಕೈಗೆ ಸಿಗಲಿಲ್ಲ." ಹೇಳಿ ನಗಲು ಹೋಗಿ, ಪ್ರತಿಸಲವೂ ಕಣ್ಣೊರೆಸಿಕೊಳ್ಳುತ್ತಿದ್ದ.

ಹುಡುಗಿ ಮೂಲೆಯಲ್ಲಿ ಕೂತಳು, ಎದ್ದಳು, ಕಿಟಕಿಯ ಹತ್ತಿರ ಹೋದಳು. ಹತ್ತೂವರೆ. ಹನ್ನೊಂದಕ್ಕೆ ಸ್ಮಶಾನದ ವ್ಯಾನು. ಫೋನು ಜೇಬಿನಲ್ಲಿ ಮತ್ತೆ ಮತ್ತೆ ಅದುರುತ್ತಿತ್ತು. ಹೊರಗೆ ನಿಂತ ಪ್ರೊಫೆಸರೇ ಮೆಸೇಜು ಕಳಿಸುತ್ತಿದ್ದರು.

"ನೀನೇನಾ ಆ ಹುಡುಗಿ?" ಎಂದರು ಮಾಮನ ಹೆಂಡತಿ. "ಹೇಳ್ತಿರ್ತಿದ್ರು. ಕೈ ಚುರುಕು, ಕಿವಿ ಮಾತ್ರ ಫೋನಲ್ಲೇ ಇರತ್ತೆ ಅಂತ."

ಅವಳಿಗೆ ಅಳು ಒತ್ತರಿಸಿಕೊಂಡು ಬಂತು. "ಆಂಟಿ, ಇವತ್ತು ಕೇಳೋ ಮಾತಲ್ಲ. ಆದ್ರೂ ಕೇಳ್ತೀನಿ. ಮಾಮ ಸೂಜಿ ಚುಚ್ತಿದ್ದಿದ್ದು ಯಾವ ಕಡೆ?"

ಅವರ ತಮ್ಮ ಕಣ್ಣು ಕೆಂಪಗೆ ಮಾಡಿ ಹುಡುಗಿಯತ್ತ ತಿರುಗಿದ. ಮಾಮನ ಹೆಂಡತಿಯ ಮುಖದಲ್ಲಿ ಮಾತ್ರ ನಿನ್ನೆಯಿಂದ ಮೊದಲ ಬಾರಿಗೆ ನಗುವಿನಂಥದ್ದೇನೋ ಸುಳಿಯಿತು.

"ಅವರಿಗೆ ಎಡ ಬಲವೇ ಗೊತ್ತಾಗ್ತಿರ್ಲಿಲ್ಲ ಕಣೇ. ಚಿಕ್ಕಂದಿನಿಂದಲೂ ಹಾಗೇ. ಯಾರಾದ್ರೂ ದಾರಿ ಕೇಳಿದ್ರೆ ಎಡಕ್ಕೆ ಹೋಗಿ ಅಂತ ಬಲಕ್ಕೆ ಕೈ ತೋರಿಸೋರು."

ಹುಡುಗಿ ಕಿಟಕಿ ಬಿಟ್ಟು ಮಂಚದ ಕಾಲ್ದೆಸೆಗೆ ಬಂದಳು.

"ಕೆಲಸ ಹೋಗತ್ತೆ ಅಂತ ಯಾರಿಗೂ ಹೇಳ್ಲಿಲ್ಲ. ಸೇರೋ ಹಿಂದಿನ ದಿನ ಸೂಜಿಯನ್ನ ಶಾಯಿಗೆ ಅದ್ದಿ ಹೆಬ್ಬೆರಳ ಬುಡಕ್ಕೆ ತಾವೇ ಚುಚ್ಕೊಂಡ್ರು. ಚುಕ್ಕೆ ಇರೋ ಕೈ ಯಾವ ಕಡೆಯೋ, ತೂತೂ ಅದೇ ಕಡೆ. ಮೂವತ್ತೊಂದು ವರ್ಷದಲ್ಲಿ ಒಂದು ದಿನಾನೂ ಆ ಕೈ ನೋಡ್ಕೊಳ್ದೆ ಸೂಜಿ ಮುಟ್ಟಿದವರಲ್ಲ."

"ಯಾವ ಕೈ ಆಂಟಿ?"

ಅವರು ಬಾಯಿ ತೆರೆದರು. ತಮ್ಮ ಎರಡೂ ಅಂಗೈಗಳನ್ನು ನೋಡಿಕೊಂಡರು. "ಅಯ್ಯೋ, ಇಷ್ಟು ವರ್ಷ ಹಿಡ್ಕೊಂಡ ಕೈ. ಈಗ ಏನೂ ತೋಚ್ತಿಲ್ಲ ನೋಡು."

ಹೊರಗೆ ವ್ಯಾನಿನ ಬಾಗಿಲು ತೆರೆದ ಸದ್ದಾಯಿತು. ಎತ್ತಲು ಬಂದ ನಾಲ್ವರು ಒಳಗೆ ಕಾಲಿಟ್ಟರು. ಅವರ ಹಿಂದೆಯೇ ಪ್ರೊಫೆಸರೂ ಬಂದು ಬಾಗಿಲಲ್ಲಿ ನಿಂತರು.

"ಒಂದು ನಿಮಿಷ ತಡೀರಪ್ಪ," ಎಂದು ಮಾಮನ ಹೆಂಡತಿ ಎದ್ದು, ಹೊದಿಕೆಯನ್ನು ಎದೆಯಿಂದ ಕೆಳಗೆ ಸರಿಸಿದರು.

ಎರಡು ಕೈಗಳೂ ಪಕ್ಕಪಕ್ಕದಲ್ಲಿ ಎದೆಯ ಮೇಲಿದ್ದವು. ಒಂದರ ಹೆಬ್ಬೆರಳ ಬುಡದಲ್ಲಿ ಮಾಸಿದ ನೀಲಿ ಚುಕ್ಕೆ. ಮಂಚದ ಕಾಲ್ದೆಸೆಯಲ್ಲಿ ನಿಂತಿದ್ದ ಹುಡುಗಿಗೆ ಅದು ತನ್ನ ಎಡಕ್ಕೆ ಕಂಡಿತು. ಅವಳ ಬೆನ್ನ ಹಿಂದಿನಿಂದ ಕತ್ತು ಚಾಚಿದ ಪ್ರೊಫೆಸರಿಗೂ ಹಾಗೇ ಕಂಡಿತು.

"ಎಡಗಡೆ! ನಾನು ಹೇಳಿರ್ಲಿಲ್ವಾ?"

ಅವಳು ಕೋಣೆಯಲ್ಲಿದ್ದವರೆಲ್ಲ ನೋಡುತ್ತಿದ್ದಂತೆ ಮಾಮನಿಗೆ ಬೆನ್ನು ಹಾಕಿ, ಅವರ ಪಾದಗಳು ತೋರುತ್ತಿದ್ದ ಕಡೆಗೇ ಮುಖ ಮಾಡಿ ನಿಂತಳು. ಪ್ರೊಫೆಸರು ಈಗ ಸರಿಯಾಗಿ ಎದುರಿಗಿದ್ದರು. ಅವಳು ನಿಧಾನವಾಗಿ ಚುಕ್ಕೆಯಿದ್ದ ಬದಿಯ ತನ್ನ ಬಲಗೈ ಎತ್ತಿ, ಹೆಬ್ಬೆರಳ ಬುಡ ಅವರಿಗೆ ಕಾಣುವಂತೆ ಹಿಡಿದಳು.