ಘಾಟಿಯಾಚೆಯವಳ ಮತ

ತೊಂಬತ್ತೆರಡನೆಯ ಮನೆಯ ರೊಟ್ಟಿ ಗಂಟಲಲ್ಲಿ ಸಿಕ್ಕಿಕೊಂಡರೂ ಸೈರಾಕಾನ್ ಮಾತು ನಿಲ್ಲಿಸಲಿಲ್ಲ. ಒಂದು ಕೈಯಲ್ಲಿ ಚಹಾದ ಬಟ್ಟಲು, ಇನ್ನೊಂದರಲ್ಲಿ ಜೈನಾಗುಲ್ ಎಶಿಂಬೆಕೋವಾಳ ಚಿತ್ರವಿದ್ದ ಕಾಗದ. ಕೆಮ್ಮಿನ ನಡುನಡುವೆ ದೇಶದ ಭವಿಷ್ಯ.

"ಮೊದ್ಲು ಚಾ ಕುಡಿಯೇ ತಾಯಿ," ಎಂದಳು ಮನೆಯೊಡತಿ ಕುಮುಶ್. "ನೀನಿಲ್ಲೇ ಸತ್ತುಗಿತ್ತೋದ್ರೆ ನಿಮ್ಮ ಡಾಕ್ಟ್ರಮ್ಮಂಗೆ ಒಂದು ವೋಟು ಕಮ್ಮಿಯಾಗುತ್ತೆ."

"ಒಂದು ಹೋದ್ರೆ ಹೋಗ್ಲಿ. ಈ ಊರಿಂದ್ಲೇ ಇನ್ನೂರ ನಲವತ್ತಿದೆ," ಎಂದು ಸೈರಾಕಾನ್ ಚಹಾ ಗುಟುಕರಿಸಿ, ಇನ್ನೊಂದು ಚೂರು ರೊಟ್ಟಿ ಮುರಿದು ಬಾಯಿಗಿಟ್ಟಳು. ಬೇಕಾಗಿಯಲ್ಲ, ಲೆಕ್ಕ ಗಟ್ಟಿಯಾಗಲೆಂದು.

ಬೊಜ್-ಬುಲಾಕ್ ಎಂಬ ಆ ಊರಿನಲ್ಲಿ ಹೊಸ್ತಿಲು ತುಳಿದವರನ್ನು ರೊಟ್ಟಿ ಮುರಿಯಿಸದೆ ಕಳಿಸುವವರಿಲ್ಲ. ಕುದುರೆ ಕದ್ದವನು ಜೀನು ಮರೆತೆನೆಂದು ವಾಪಸು ಬಂದರೂ ಮೊದಲು ರೊಟ್ಟಿ, ಆಮೇಲೆ ದೊಣ್ಣೆ. ಊರಿನ ಕೂಸುಗಳಿಗೂ ಗೊತ್ತಿರುವ ಮಾತು ಇದು. ಸೈರಾಕಾನಳಿಗೆ ಗೊತ್ತಿಲ್ಲವೆಂದಲ್ಲ. ಆದರೆ ಒಂಬತ್ತು ವರ್ಷ ಒಬ್ಬಳೇ ಕೂತು ರೊಟ್ಟಿ ಮುರಿದವಳಿಗೆ ಒಂದರ ಹಿಂದೊಂದು ತೊಂಬತ್ತೆರಡು ಬಾಗಿಲು ತೆರೆದುಕೊಂಡರೆ, ಯಾವುದು ಪದ್ಧತಿ, ಯಾವುದು ಒಪ್ಪಿಗೆ ಎಂಬ ಗೆರೆ ಎಲ್ಲಿ ಉಳಿದೀತು? ರೊಟ್ಟಿ ಕೊಟ್ಟ ಮನೆ ಮತ ಕೊಟ್ಟ ಮನೆ ಎಂದು ಅವಳು ತೀರ್ಮಾನಿಸಿಬಿಟ್ಟಳು. ಮನೆಮನೆ ಸುತ್ತಿದ ಆ ಮೂರು ವಾರದಲ್ಲಿ ಅವಳು ತಿಂದ ರೊಟ್ಟಿಯನ್ನು ಸಾಲಾಗಿ ಜೋಡಿಸಿದ್ದರೆ ಅದು ಘಾಟಿ ಹತ್ತಿ ಇಳಿದು ಚೀನಾದ ಗಡಿ ಮುಟ್ಟಿ, ಅಲ್ಲಿಯ ಕಾವಲುಗಾರರ ಮಧ್ಯಾಹ್ನದ ಊಟಕ್ಕೂ ಆಗುತ್ತಿತ್ತು. ಊರಿನಲ್ಲಿ ಇದ್ದದ್ದು ತೊಂಬತ್ತಮೂರು ಮನೆ. ಉಳಿದ ಒಂದು ಅವಳದೇ.

ಈ ಹುಚ್ಚು ಹಿಡಿದದ್ದು ರೇಡಿಯೋದಿಂದ. ಅದಕ್ಕೆ ಮೊದಲು ಚುನಾವಣೆಯ ದಿನವೆಂದರೆ ಅವಳಿಗೆ ಉಣ್ಣೆ ತೊಳೆಯುವ ದಿನ. ಊರೆಲ್ಲ ಶಾಲೆಯ ಹತ್ತಿರ ಸೇರುತ್ತಿದ್ದುದರಿಂದ ತೊರೆಯ ದಂಡೆ ಪೂರ್ತಿ ಖಾಲಿ. ಈ ಸಲ, ಸೆಪ್ಟೆಂಬರಿನ ಒಂದು ಮಧ್ಯಾಹ್ನ ಅವಳು ಉಣ್ಣೆ ಬಡಿಯುತ್ತಿದ್ದಾಗ, ದೇಶದ ಅಧ್ಯಕ್ಷ ಪದವಿಗೆ ನಿಂತಿದ್ದ ಕಣ್ಣಿನ ಡಾಕ್ಟರು ಜೈನಾಗುಲ್ ರೇಡಿಯೋದಲ್ಲಿ ಜನರ ಕರೆಗಳಿಗೆ ಉತ್ತರ ಕೊಡುತ್ತಿದ್ದಳು. ಸೈರಾಕಾನ್ ಬಡಿಗೋಲು ಬಿಸಾಕಿ ಫೋನು ಒತ್ತಿದಳು. ಲೈನು ಸಿಕ್ಕಿತು.

"ನಿಮ್ಮ ಹೆಸರೇನಕ್ಕಾ?" ಎಂದಳು ಜೈನಾಗುಲ್.

ಸೈರಾಕಾನ್ ತಬ್ಬಿಬ್ಬಾದಳು. ಮದುವೆಯಾಗಿ ಘಾಟಿ ದಾಟಿ ಈ ಊರಿಗೆ ಬಂದು ಮೂವತ್ತೊಂದು ವರ್ಷ; ಊರು ಅವಳನ್ನು ಇನ್ನೂ 'ಘಾಟಿಯಾಚೆಯವಳು' ಎಂದೇ ಕರೆಯುತ್ತಿತ್ತು. ಹೆಸರು ಹಿಡಿದು ಕರೆಯುತ್ತಿದ್ದವನು ಗಂಡ ತೆಮಿರ್‌ಕುಲ್ ಒಬ್ಬನೇ. ಘಾಟಿಯ ರಸ್ತೆಯ ಹಿಮ ತೆಗೆಯುವ ಯಂತ್ರ ಓಡಿಸುತ್ತಿದ್ದ ಅವನು ಸತ್ತು ಒಂಬತ್ತು ವರ್ಷವಾಗಿತ್ತು. ಮಕ್ಕಳಾಗಿರಲಿಲ್ಲ.

"ಸೈರಾಕಾನ್," ಎಂದಳು.

"ಸೈರಾಕಾನ್ ಅಕ್ಕ, ನೀವು ಹೇಳ್ತಾ ಹೋಗಿ. ನಾನು ಬರ್ಕೋತಾ ಇದೀನಿ."

ಅವಳು ಹಿಮದ ಬಗ್ಗೆ ಹೇಳಿದಳು. ಘಾಟಿ ಮುಚ್ಚಿದಾಗ ಆಸ್ಪತ್ರೆಯ ಗಾಡಿ ಬಾರದೆ ತೆಮಿರ್‌ಕುಲ್ ತನ್ನದೇ ಯಂತ್ರದ ಸೀಟಿನಲ್ಲಿ ಎದೆ ಹಿಡಿದುಕೊಂಡೇ ತೀರಿಹೋದದ್ದನ್ನು ಹೇಳಿದಳು. ಆಚೆ ಕಡೆ ಪೆನ್ನು ಕಾಗದದ ಮೇಲೆ ಗೀಚುವ ಸದ್ದು ಕೇಳಿಸಿತಂತೆ. ರೇಡಿಯೋದ ಗಡಿಯಾರದ ಪ್ರಕಾರ ಆ ಮಾತು ನಡೆದದ್ದು ನಾಲ್ಕು ನಿಮಿಷ. ಸೈರಾಕಾನಳ ಪ್ರಕಾರ ಒಂದೂವರೆ ಗಂಟೆ. ನಡುವೆ ನಿರೂಪಕ ಎರಡು ಸಲ ಅತ್ತನಂತೆ, ವಾರ್ತೆಯನ್ನೇ ರದ್ದು ಮಾಡಿದರಂತೆ.

ಅಂದಿನಿಂದ ಅವಳ ಕಾಲು ನೆಲದಲ್ಲಿ ನಿಲ್ಲಲಿಲ್ಲ. ಊರಿನ ಗೋಡೆಗೋಡೆಗೂ ಚಿತ್ರ ಅಂಟಿಸಿದಳು, ಕುರಿಮಂದೆಗೂ ಭಾಷಣ ಮಾಡಿದಳು. ಬೇರೆ ಊರುಗಳಿಂದ ಬಂದ ಹನ್ನೊಂದು ಮಂದಿ ಹೊಸ ಸೊಸೆಯರ ಹೆಸರು ತವರಿನ ಮತದಾರರ ಪಟ್ಟಿಯಲ್ಲೇ ಇದೆಯೆಂದು ಗೊತ್ತಾದಾಗ, ಹನ್ನೊಂದೂ ಅರ್ಜಿಯನ್ನು ತಾನೇ ಬರೆಸಿ, ಹಾಲಿನ ಲಾರಿ ಹತ್ತಿ, ಪೇಟೆಯ ಕಚೇರಿಯಲ್ಲಿ ಕೊಟ್ಟು ಬಂದಳು. "ಸೊಸೆ ಎಲ್ಲಿ ಒಲೆ ಹಚ್ಚುತ್ತಾಳೋ ಅಲ್ಲೇ ವೋಟು ಹಾಕ್ಬೇಕು," ಎಂದು ಕಚೇರಿಯ ಗುಮಾಸ್ತನಿಗೆ ಪಾಠ ಹೇಳಿದಳಂತೆ.

ಇಷ್ಟಕ್ಕೆ ಬಿಟ್ಟಳೇ? ಜೈನಾಗುಲ್‌ಳ ಮುಖವನ್ನು ಕಂಬಳಿಹಾಸಿನಲ್ಲಿ ಕತ್ತರಿಸಲು ಕೂತಳು. ಆ ಸೀಮೆಯ ಹಾಸುಗಳ ಕೆಲಸವೇ ಹಾಗೆ: ಕೆಂಪು ಬಿಳಿ ಎರಡು ಕಂಬಳಿಯನ್ನು ಒಂದರ ಮೇಲೊಂದು ಇಟ್ಟು ಒಟ್ಟಿಗೆ ಕೊಯ್ಯಬೇಕು, ಕೆಂಪಿನ ಚೂರನ್ನು ಬಿಳಿಯ ತೂತಿನಲ್ಲಿ, ಬಿಳಿಯ ಚೂರನ್ನು ಕೆಂಪಿನ ತೂತಿನಲ್ಲಿ ಕೂರಿಸಿ ಹೊಲಿಯಬೇಕು. ಹಾಗಾಗಿ ಒಂದು ಹಾಸು ಮಾಡುವೆನೆಂದರೂ ಆಗುವುದಿಲ್ಲ, ಯಾವಾಗಲೂ ಎರಡು ಹುಟ್ಟುತ್ತವೆ. ನಲವತ್ತು ವರ್ಷ ಟಗರಿನ ಕೊಂಬಿನ ನಮೂನೆಯನ್ನೇ ಕೊಯ್ದ ಅವಳ ಚಾಕು ಮನುಷ್ಯರ ಮುಖಕ್ಕೆ ಒಗ್ಗಲಿಲ್ಲ. ಡಾಕ್ಟರ ಕೂದಲು ಎರಡು ಕಡೆ ಭರ್ಜರಿ ಕೊಂಬಾಗಿ ಸುರುಳಿ ಸುತ್ತಿಕೊಂಡಿತು.

"ಯಾರ ಟಗರು ಇದು?" ಎಂದ ಪಕ್ಕದ ಮನೆಯ ಇಸಾಕುನ್ ಅಜ್ಜ. ಅವನು ಎದುರು ಪಕ್ಷದವನು, ಆ ಪಕ್ಷ ಹಂಚಿದ ನೀಲಿ ಟೋಪಿ ಹಾಕಿಕೊಂಡೇ ಮಲಗುತ್ತಿದ್ದ.

"ದೇಶದ ಅಧ್ಯಕ್ಷೆ. ಟೋಪಿ ತೆಗೆದು ನೋಡು."

"ಹಾಯೋಕೆ ಬರುತ್ತಾ?"

"ನಿನ್ನಂಥವರಿಗೆ ಮಾತ್ರ."

ಹಾಸನ್ನು ಒಪ್ಪಿಸುವ ದಿನವೂ ಬಂತು. ಜೈನಾಗುಲ್‌ಳ ಗಾಡಿಗಳು ಊರಿನಲ್ಲಿ ಹತ್ತು ನಿಮಿಷ ನಿಲ್ಲುವುದೆಂದು ಸುದ್ದಿ. ಆದರೆ ಘಾಟಿಯ ಮೇಲೆ ಮೋಡ ಕಟ್ಟುತ್ತಿತ್ತು, ಅವರಿಗೆ ಕತ್ತಲಿಗೆ ಮುಂಚೆ ದಾಟಬೇಕಿತ್ತು. ಬೆಳಗಿನಿಂದ ರಸ್ತೆಯಲ್ಲಿ ಕಾದು ನಿಂತವಳ ಮುಂದೆ ಐದು ಗಾಡಿ ಸರಸರ ಹೋದವು. ಮೂರನೆಯದರ ಕಿಟಕಿಯಲ್ಲಿ ಒಂದು ಕೈ ಆಡಿತು. ಮಂಜು ಒರೆಸಿಕೊಂಡದ್ದು ಎಂದಿತು ಊರು. ತನಗೇ ಬೀಸಿದ್ದು ಎಂದಳು ಸೈರಾಕಾನ್. ಕೊನೆಯ ಗಾಡಿಯ ಹಿಂದೆ ಓಡಿ, ಅದರ ತೆರೆದ ಬೆನ್ನಿಗೆ ಸುತ್ತಿದ ಹಾಸನ್ನು ಎಸೆದಳು. ಐವತ್ತೆಂಟು ವರ್ಷದ ಹೆಂಗಸು ಹಾಗೆ ಓಡಿದ್ದನ್ನು ಕಂಡು ಊರಿನ ಕುದುರೆಗಳು ಮೂರು ದಿನ ತಲೆ ಎತ್ತಲಿಲ್ಲ. ಅವಳಿ ಹಾಸಿನ ಚೂರುಗಳು, ಕೆಂಪು ನೆಲದ ಮೇಲಿನ ಬಿಳಿ ಮುಖದವು, ಹೊಲಿಯದೆ ಪೆಟ್ಟಿಗೆಯ ತಳದಲ್ಲಿ ಉಳಿದವು.

ಮತದಾನದ ದಿನ ಶಾಲೆಯ ಬಾಗಿಲು ತೆಗೆಯುವ ಮೊದಲೇ ಅವಳು ಹೊರಗೆ ನಿಂತಿದ್ದಳು. ಮದುವೆಯ ಬೆಳ್ಳಿ ಓಲೆ, ಬಿಳಿ ತಲೆವಸ್ತ್ರ. ಒಳಗಿದ್ದವರೆಲ್ಲ ಜಿಲ್ಲೆಯಿಂದ ಬಂದ ಪರವೂರಿನವರು. ಇಬ್ಬರು ಗಂಡಸರು ಹೊಗೆ ಕಾರುವ ಒಲೆಯೊಂದಿಗೆ ಜಗಳಾಡುತ್ತಿದ್ದರು. ಮೇಜಿನ ಹಿಂದಿನ ಹುಡುಗಿ ಸೈರಾಕಾನಳ ಗುರುತಿನ ಚೀಟಿ ತೆಗೆದುಕೊಂಡು, "ಬೆರಳಿಡಿ ಅಕ್ಕ," ಎಂದಳು. ಯಂತ್ರ ಹಸಿರು ಮಿನುಗಿ, ಮರುಕ್ಷಣ ಕೆಂಪಾಯಿತು.

"ನಿಮ್ಮ ಹೆಸರು ಇಲ್ಲಿಲ್ವಲ್ಲ. ಚೋನ್-ತೂಜ್ ಪಟ್ಟೀಲಿದೆ."

ಚೋನ್-ತೂಜ್ ಅವಳ ತವರು. ಘಾಟಿಯಾಚೆ.

"ಅದು ಹೇಗೆ? ನಾನು ಇದೇ ಊರಿನವಳು. ಮೂವತ್ತೊಂದು ವರ್ಷ ಆಯ್ತು."

"ವಿಳಾಸ ಬದಲಾಯಿಸ್ಕೊಂಡಿಲ್ಲ ನೀವು. ಅರ್ಜಿ ಕೊಡ್ಬೇಕಿತ್ತು. ಕೊನೇ ದಿನ ಮುಗಿದು ಎರಡು ವಾರ ಆಯ್ತಲ್ಲ."

ಮುಂದಿನ ವಾರ ಪೇಟೆಗೆ ಹೋಗಿ ನಿನ್ನ ಕಾಗದ ಸರಿ ಮಾಡಿಸೋಣ ಎಂದು ತೆಮಿರ್‌ಕುಲ್ ಇಪ್ಪತ್ತೆರಡು ವರ್ಷ ಹೇಳುತ್ತಿದ್ದ. ಹನ್ನೊಂದು ಸೊಸೆಯರ ಅರ್ಜಿ ಮಡಿಲಲ್ಲಿಟ್ಟುಕೊಂಡು ಹಾಲಿನ ಲಾರಿಯಲ್ಲಿ ಕೂತಿದ್ದಾಗ, ತಾನೂ ಒಬ್ಬ ಸೊಸೆ ಎಂಬುದು ಸೈರಾಕಾನಳಿಗೆ ಹೊಳೆದಿರಲಿಲ್ಲ. ಊರು ಒಂದು ದಿನವೂ ಮರೆಯದ ಸಂಗತಿಯನ್ನು ಅವಳೊಬ್ಬಳು ಮರೆತಿದ್ದಳು.

"ಆ ಊರಿಗೆ ಹೋಗೋಕಾದ್ರೆ ಸಂಜೆ ಎಂಟರವರೆಗೂ ಹಾಕಬಹುದು," ಎಂದಳು ಹುಡುಗಿ ಮೆಲ್ಲಗೆ.

ಘಾಟಿ ಹಿಂದಿನ ದಿನವೇ ಮುಚ್ಚಿತ್ತು. ಅದನ್ನು ತೆರೆಯುತ್ತಿದ್ದವನು ಊರಾಚೆಯ ದಿಬ್ಬದಲ್ಲಿ ಮಲಗಿದ್ದ.

ಸೈರಾಕಾನ್ ಒಂದನೆಯ ತರಗತಿಯ ಪುಟ್ಟ ಬೆಂಚಿನ ಮೇಲೆ, ಮೊಣಕಾಲು ಗಲ್ಲಕ್ಕೆ ತಾಗುವಂತೆ, ಮತ ಹಾಕಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕೂತಳು. ಆಮೇಲೆ ಎದ್ದು ಹೊರಬಂದಳು. ಸಾಲಿನ ಮುಂದೆ ನೀಲಿ ಟೋಪಿಯ ಇಸಾಕುನ್ ಅಜ್ಜ ನಿಂತಿದ್ದ.

"ಹಾಕಿದ್ಯಾ?"

"ಹಾಕ್ದೆ."

ಬೆಟ್ಟದ ಗಾತ್ರದ ಸುಳ್ಳುಗಳನ್ನು ಗಾಳಿಪಟದಂತೆ ಹಾರಿಸಿದವಳು ಅವಳು. ಈ ಒಂದು ಮಾತು ಮಾತ್ರ ನಾಲಿಗೆಯಿಂದ ಇಳಿಯುವಾಗ ಬೀಸುಕಲ್ಲಿನಷ್ಟು ಭಾರವಾಗಿತ್ತು.

ಮರುದಿನ ಬೆಳಿಗ್ಗೆ ಶಾಲೆಯ ಬಾಗಿಲಿಗೆ ಎಣಿಕೆಯ ಕಾಗದ ಅಂಟಿಸಿದ್ದರು. ರೇಡಿಯೋ ಆಗಲೇ ಹೇಳಿಯಾಗಿತ್ತು: ಜೈನಾಗುಲ್‌ಗೆ ದೇಶದಲ್ಲಿ ನಾಲ್ಕನೆಯ ಸ್ಥಾನ. ಸೈರಾಕಾನ್ ಅದನ್ನು ಕೇಳಿಯೂ ಕೇಳಿಸಿಕೊಂಡಿರಲಿಲ್ಲ. ದೇಶ ಏನಾದರೂ ಮಾಡಿಕೊಳ್ಳಲಿ, ಬೊಜ್-ಬುಲಾಕ್ ಅವಳ ರೊಟ್ಟಿಯ ಊರು. ಶಾಲೆಯ ಮಾಸ್ತರು ಕನ್ನಡಕ ಏರಿಸಿ ಜೋರಾಗಿ ಓದಿದರು. ನೀಲಿ ಟೋಪಿಯವರಿಗೆ ನೂರ ತೊಂಬತ್ತೆಂಟು. ಇನ್ನೊಬ್ಬರಿಗೆ ಮೂವತ್ತು. ಮತ್ತೊಬ್ಬರಿಗೆ ಹತ್ತು. "ಎಶಿಂಬೆಕೋವಾ," ಎಂದು ತಡೆದು, "ಒಂದು," ಎಂದರು.

ಯಾರೂ ಅವಳ ಮುಖ ನೋಡಲಿಲ್ಲ. ತೊಂಬತ್ತೆರಡು ಮನೆಯ ಜನರ ಗಂಟಲಲ್ಲಿ ಒಮ್ಮೆಗೇ ಏನೋ ಸಿಕ್ಕಿಕೊಂಡಂತಿತ್ತು.

"ಅಯ್ಯೋ, ನನ್ನ ಗಂಡ ಬೈತಾನೆ ಕಣೆ," ಎಂದಳು ಕುಮುಶ್, ಕೊನೆಗೆ, ತಲೆವಸ್ತ್ರದ ತುದಿ ತಿರುಚುತ್ತ. "ನೀಲಿ ಟೋಪಿಯವರು ರಸ್ತೆ ಮಾಡಿಸ್ತೀವಿ ಅಂದ್ರಂತೆ. ನೀನು ಬಂದಾಗ ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಮನೆಗೆ ಬಂದವರಿಗೆ ಹಾಗನ್ನೋಕಾಗುತ್ತಾ?"

"ಹೋಗ್ಲಿ ಬಿಡು," ಎಂದ ಇಸಾಕುನ್ ಅಜ್ಜ. "ನಿನ್ನ ಒಂದು ವೋಟಾದ್ರೂ ನಿಮ್ಮ ಡಾಕ್ಟ್ರಮ್ಮಂಗೆ ಬಿತ್ತಲ್ಲ. ಸೊನ್ನೆ ಆಗಿದ್ರೆ ನೋಡೋಕಾಗ್ತಿರ್ಲಿಲ್ಲ."

"ಹೌದು," ಎಂದಳು ಸೈರಾಕಾನ್.

ತೊರೆಯ ಸೇತುವೆಯವರೆಗೆ ಅವಳು ಏನನ್ನೂ ಯೋಚಿಸದೆ ನಡೆದಳು. ಸೇತುವೆಯ ನಡುವೆ ಅವಳ ಕಾಲು ನಿಂತಿತು.

ಒಂದು.

ತಿರುಗಿ ನೋಡಿದಳು. ಶಾಲೆಯ ಮುಂದೆ ಜನ ಇನ್ನೂ ಇದ್ದರು: ಕುರಿಚರ್ಮದ ಕೋಟುಗಳು, ಹೆಂಗಸರ ತಲೆವಸ್ತ್ರಗಳು, ಅಜ್ಜನ ನೀಲಿ ಟೋಪಿ. ಓಡಿಹೋಗಿ ಕೂಗಬೇಕೆನಿಸಿತು: ಅದು ನನ್ನದಲ್ಲ, ನಿಮ್ಮಲ್ಲಿ ಯಾರದೋ. ಕೂಗಿದರೆ ಮುಂದಿನ ಪ್ರಶ್ನೆ ಬರುತ್ತದೆ: ಹಾಗಾದರೆ ನಿನ್ನದೆಲ್ಲಿ? ಆಗ ಹೇಳಬೇಕಾಗುತ್ತದೆ, ನಾನು ಘಾಟಿಯಾಚೆಯವಳು ಎಂದು. ಯಂತ್ರವೂ ಹಾಗೇ ಹೇಳಿತು ಎಂದು. ಜನ್ಮದಲ್ಲಿ ಮೊದಲ ಬಾರಿಗೆ ಅವಳ ಹತ್ತಿರ ಒಂದಿಷ್ಟೂ ಬಣ್ಣ ಹಚ್ಚಬೇಕಿಲ್ಲದ ಅದ್ಭುತ ಸುದ್ದಿಯಿತ್ತು. ಅದನ್ನು ಹೇಳಲು ಒಬ್ಬರೂ ಇರಲಿಲ್ಲ.

ಮಧ್ಯಾಹ್ನ ಅವಳು ಅಂಟಿಸಿದ ಚಿತ್ರಗಳನ್ನು ಕೀಳಲು ಹೊರಟಳು. ಮನೆಮನೆಯಲ್ಲೂ ಬಾಗಿಲು ತೆರೆಯಿತು, ಮನೆಮನೆಯಲ್ಲೂ ರೊಟ್ಟಿ ಮುಂದೆ ಬಂತು. ಈ ಸಲ ಮಾತಾಡದೆ ಮುರಿದು ಬಾಯಿಗಿಟ್ಟು, ಕೊಡುವವರ ಕಣ್ಣು ನೋಡಿದಳು, ಆ ಒಂದು ಯಾರದೆಂದು. ಹನ್ನೊಂದು ಸೊಸೆಯರಲ್ಲಿ ಕೊನೆಯವಳು ಬಸುರಿ. ಅವಳು ಸುಮ್ಮನೆ ನಕ್ಕಳು. ಕುಮುಶ್ ಬೆಣ್ಣೆಯನ್ನು ಬೇಕಾದದ್ದಕ್ಕಿಂತ ದಪ್ಪ ಬಳಿದಳು. ಇಸಾಕುನ್ ಅಜ್ಜ ತಾನೇ ಗೋಡೆಯ ಹತ್ತಿರ ನಿಂತು, ಜೈನಾಗುಲ್‌ಳ ಚಿತ್ರವನ್ನು ಹರಿಯದ ಹಾಗೆ ಉಗುರಿನಿಂದ ಮೂಲೆಮೂಲೆ ಬಿಡಿಸಿ ಕೊಟ್ಟ.

"ಜೋಪಾನವಾಗಿ ತೆಗೀತಿದೀಯಲ್ಲ," ಎಂದಳು.

"ಗೋಡೆ ನನ್ನದು. ಸುಣ್ಣ ಕಿತ್ತು ಬರುತ್ತೆ." ಅವನು ಟೋಪಿ ಸರಿಪಡಿಸಿಕೊಂಡ. "ಒಳಗೆ ಬಾ. ಚಾ ಕುಡಿದು ಹೋಗು, ಸೈರಾಕಾನ್."

ಅವನು ಹೆಸರು ಹಿಡಿದು ಕರೆದ. ಅಥವಾ ಮುದುಕರ ಬಾಯಲ್ಲಿ ಹೀಗೊಮ್ಮೆ ಹಾಗೊಮ್ಮೆ ಬಂದುಬಿಡುತ್ತದೆ. ಅವಳು ಕೇಳಲಿಲ್ಲ, ಅವನೂ ಇನ್ನೊಮ್ಮೆ ಕರೆಯಲಿಲ್ಲ.

ಮನೆಗೆ ಬಂದಾಗ ಬಿಸಿಲು ಇನ್ನೂ ಕಿಟಕಿಯ ಕಟ್ಟೆಯ ಮೇಲಿತ್ತು. ಒಲೆಗೆ ಬೆರಣಿ ಹಾಕಿ, ಪೆಟ್ಟಿಗೆ ತೆರೆದು, ತಳದಿಂದ ಕಂಬಳಿಯ ಚೂರುಗಳನ್ನು ತೆಗೆದಳು. ಕೆಂಪು ನೆಲವನ್ನು ಹಾಸಿದಳು. ಬಿಳಿಯ ಕೆನ್ನೆ, ಬಿಳಿಯ ಕೊಂಬು ಒಂದೊಂದೇ ತಮ್ಮ ತಮ್ಮ ತೂತಿನಲ್ಲಿ ಸರಿಯಾಗಿ ಕೂತವು. ಹೊರಗೆ ತೊಂಬತ್ತೆರಡು ಹೊಗೆಗೂಡುಗಳಿಂದ ಹೊಗೆ ನೇರವಾಗಿ ಮೇಲೇಳುತ್ತಿತ್ತು. ಅವಳು ಬೀದಿಗೆ ಮುಖ ಮಾಡಿ ಕೂತು ಸೂಜಿಗೆ ದಾರ ಪೋಣಿಸಿದಳು.