ಗುಂಡಿಯ ಮೇಲಿನ ಗುಲಾಬಿ ಗೆರೆ

ಬೆಳಿಗ್ಗೆ ಮೆತ್ತಗಿದ್ದ ಕಡಲ ತಳ ಮಧ್ಯಾಹ್ನಕ್ಕೆ ಗಟ್ಟಿಯಾಗುತ್ತದೆಂದರೆ ಯಾರು ನಂಬುತ್ತಾರೆ? ರೌಧಾ ನಂಬಲಿಲ್ಲ. ಟ್ಯುನೀಷಿಯಾದ ಕೆರ್ಕೆನ್ನಾ ದ್ವೀಪದ ಬಳಿ, ಹುಲ್ಲು ಬೆಳೆದ ತಳಕ್ಕೆ ದೋಣಿಯಿಂದ ಶಬ್ದ ಬಿಟ್ಟು, ಅದು ಚದುರಿ ಎಷ್ಟು ಮರಳಿ ಬರುತ್ತದೆಂದು ಅಳೆಯುವುದು ಅವಳ ಮತ್ತು ಗಂಡ ನೌಫಲನ ಕೆಲಸ. ಬೆಳಗಿನ ಪಾಳಿ ಅವಳದು, ಆಗ ಮಾರ್ದನಿ ಕ್ಷೀಣ. ಮಧ್ಯಾಹ್ನದ ಪಾಳಿ ಅವನದು, ಆಗ ತಳ ಗಟ್ಟಿಯಾದಂತೆ ಜೋರು. ಇಲ್ಲಿನ ಮಾರ್ದನಿ ಜೋರೇ ಎಂದು ಹೋದ ವರ್ಷ ಪ್ರಬಂಧ ಬರೆದು ಹೆಸರು ಮಾಡಿದವನೂ ಅವನೇ. ಅನುಮಾನಕ್ಕೆ ಇನ್ನೇನು ಬೇಕು?

"ಯಂತ್ರದ ಗುಂಡಿ ಏನಾದ್ರೂ ತಿರುಗಿಸಿದ್ಯಾ?" ಎಂದು ಕೇಳಿದಳು.

"ನಾನ್ಯಾಕೆ ತಿರುಗಿಸ್ಲಿ ಮಾರಾಯ್ತಿ, ನಿನ್ನ ತಲೆ ತಿರುಗಿರ್ಬೇಕು" ಎಂದು ಅವನು ನಕ್ಕ.

ಆ ನಗುವೂ ಅವಳಿಗೆ ಸರಿಬರಲಿಲ್ಲ. ಶಬ್ದ ಹಿಗ್ಗಿಸುವ ಗುಂಡಿಯ ಅಂಚಿನಿಂದ ಯಂತ್ರದ ಮೈವರೆಗೆ ಗುಟ್ಟಾಗಿ ಗುಲಾಬಿ ಉಗುರುಬಣ್ಣದ ಗೆರೆ ಎಳೆದಳು. ತಿರುಗಿಸಿದರೆ ಗೆರೆ ಮುರಿಯಬೇಕು. ದಿನವೂ ಸಂಜೆ ನೋಡಿದರೆ ಗೆರೆ ಹಾಗೇ ಇರುತ್ತಿತ್ತು, ಮಾರ್ದನಿ ಮಾತ್ರ ಏರಿರುತ್ತಿತ್ತು. ತಿರುಗಿಸಿದ ಮೇಲೆ ಮತ್ತೆ ಬಣ್ಣ ಬಳಿಯುತ್ತಾನೆ ಎಂದುಕೊಂಡಳು. ಹೆಂಡತಿಯ ಬಣ್ಣದ ಶೀಶೆ ಗಂಡನಿಗೆ ಸಿಗದ ವಸ್ತುವೇ?

ಕೊನೆಗೊಂದು ದಿನ, ಆಕ್ಟೋಪಸ್ ತಿನ್ನಬೇಕೆನಿಸಿದೆ, ಪೇಟೆಗೆ ಹೋಗಿ ತಾ ಎಂದು ನೆಪ ಹೇಳಿ ಅವನನ್ನು ದಡದಲ್ಲೇ ಬಿಟ್ಟಳು. ಎರಡೂ ಪಾಳಿ ತಾನೇ ನಿಂತಳು. ಬಿಸಿಲೇರಿತು. ಗುಂಡಿಯ ಹತ್ತಿರ ಯಾರೂ ಸುಳಿಯಲಿಲ್ಲ. ಆದರೂ ಮಾರ್ದನಿ ಏರತೊಡಗಿತು.

"ಡಾಕ್ಟ್ರಮ್ಮ, ಮುಖ ಯಾಕೆ ಸುಣ್ಣ ಬಳಿದಂಗಾಗಿದೆ?" ಎಂದ ದೋಣಿ ನಡೆಸುವ ಹಮ್ಮೂದ.

ಅವಳು ಈಜುಗನ್ನಡಕ ಕಟ್ಟಿಕೊಂಡು ನೀರಿಗೆ ಧುಮುಕಿದಳು. ತಳದ ಹುಲ್ಲಿನ ಎಸಳೆಸಳಿನ ಮೇಲೂ ಸಾಸಿವೆ ಗಾತ್ರದ ಗುಳ್ಳೆಗಳು. ಬಿಸಿಲು ಕುಡಿದ ಹುಲ್ಲು ಉಸಿರು ಬಿಡುತ್ತಿತ್ತು. ಶಬ್ದ ಆ ಗುಳ್ಳೆಗಳಿಗೆ ಬಡಿದು ಚದುರಿ ಜೋರಾಗಿ ಮರಳುತ್ತಿತ್ತು. ಹಾಗಾದರೆ ನೌಫಲ್ ಏನೂ ಮಾಡಿಲ್ಲ! ನೀರೊಳಗೇ ಕುಣಿಯುವಷ್ಟು ಖುಷಿಯಾಯಿತು ಅವಳಿಗೆ.

ಮನೆಗೆ ಓಡಿ ಬಂದಾಗ ಅವನು ಆಕ್ಟೋಪಸ್ ಬೇಯಿಸಿ, ತಟ್ಟೆ ಇಟ್ಟುಕೊಂಡು ಕೂತಿದ್ದ.

"ಗುಳ್ಳೆ ಕಣೋ! ಹುಲ್ಲಿನ ಗುಳ್ಳೆ!"

"ಒಳ್ಳೇದಾಯ್ತು." ಅವನು ತಲೆಯೆತ್ತಲಿಲ್ಲ. "ಅಂದ್ರೆ ಕಳ್ಳ ನಾನಲ್ಲ."

ಅವಳು ಬಾಗಿಲಲ್ಲೇ ನಿಂತಳು. "ಗೆರೆ ನೋಡಿದ್ಯಾ?"

"ಮೊದಲ್ನೇ ದಿನಾನೇ. ಆ ಬಣ್ಣ ತಂದುಕೊಟ್ಟಿದ್ದು ನಾನೇ ಅಲ್ವಾ? ನೀನಾಗೇ ಹೇಳ್ತೀಯ ಅಂತ ಕಾದೆ."

"ತಪ್ಪಾಯ್ತು ಕಣೋ."

ಅವನು ಅವಳ ತಟ್ಟೆಗೆ ಬಡಿಸಿ ಎದ್ದ.

"ಊಟ ಮಾಡು. ನಾಳೆಯಿಂದ ಎರಡೂ ಪಾಳೀನೂ ನೀನೇ ನೋಡ್ಕೋ."