ಹಿತ್ತಲ ಸಿಂಕಿನ ನೀರು, ರೈ ನದಿಯ ಸಾಲ್ಮನ್

ಐರ್ಲೆಂಡಿನ ಲೀಕ್ಸ್‌ಲಿಪ್ ಊರಿನ ಆ ಬಡಾವಣೆಯ ಹಿಂದಿನ ತೊರೆ ಮತ್ತೆ ಬೂದು ಬಣ್ಣಕ್ಕೆ ತಿರುಗಿತ್ತು. ಮಳೆ ಇಲ್ಲದ ದಿನವೂ ದಡದ ಪೈಪಿನಿಂದ ಸೋಪಿನ ನೊರೆ ಇಳಿಯುತ್ತಿತ್ತು. "ಯಾರ ಮನೆಯದೋ ಏನೋ" ಎನ್ನುತ್ತಿದ್ದರು ಎಲ್ಲರೂ. ಆಗ್ನೆಸ್ ಕೂಡ.

ನವೆಂಬರಿನ ಆ ಶನಿವಾರ ಅವಳು ಹಿತ್ತಲಿನ ಶೆಡ್‌ನಲ್ಲಿ ಬಂಗುಡೆ ಹುರಿಯುತ್ತಿದ್ದಳು. ಒಂಬತ್ತು ವರ್ಷ ಮನೆಯೊಳಗೆ ಕಿಟಕಿಗಳನ್ನೆಲ್ಲ ತೆರೆದು, ಕೋಟುಗಳನ್ನು ಮಹಡಿಗೆ ಸಾಗಿಸಿ, ಕಳ್ಳಿಯ ಹಾಗೆ ಮೀನು ಹುರಿದವಳು ಅವಳು. ಮಗಳು ರೆಶೆಲ್ ಜಾಕೆಟ್ ಮೂಸಿ ನೋಡಿಯೇ ಶಾಲೆಗೆ ಹೊರಡುತ್ತಿದ್ದಳು. ಹೋದ ವರ್ಷ ಗಂಡ ಆಲೋಶಿಯಸ್ ಶೆಡ್‌ಗೆ ಒಲೆ, ಸಿಂಕು ಕೂರಿಸಿಕೊಟ್ಟ ಮೇಲೆ ಉಸಿರು ಸಲೀಸಾಗಿತ್ತು. ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದರೆ, ಯಾರಲ್ಲೂ ಸಾರಿ ಕೇಳಬೇಕಿಲ್ಲದ ಜಾಗ ಇದೊಂದೇ.

ಹಿಂದಿನ ಗೇಟು ಸರಿಸಿಕೊಂಡು ವಸುಂಧರಾ ಬಂದಳು. ಮೈಸೂರಿನವಳು, ತೊರೆ ನೋಡಿಕೊಳ್ಳುವ ಊರವರ ಗುಂಪಿಗೆ ಸೇರಿದ್ದಳು. ಕಾಲಲ್ಲಿ ಕೆಸರು ಮೆತ್ತಿದ ಗಮ್‌ಬೂಟು.

"ಆಗ್ನೆಸಕ್ಕ, ಏನು ಘಮ! ನಾನು ಮೀನು ತಿನ್ನೋಳಲ್ಲ, ಆದ್ರೂ ಹಸಿವಾಯ್ತು."

"ತಿನ್ನಲ್ಲ, ಆದ್ರೆ ವಾರವಿಡೀ ಮೀನಿನ ಹಿಂದೇನೇ ಓಡ್ತೀಯ. ಏನು ಸಿಕ್ತು ಇವತ್ತು?"

"ನೊರೆ. ಇನ್ನೊಂದು ತಿಂಗಳಲ್ಲಿ ಸಾಲ್ಮನ್ ಮೇಲಕ್ಕೆ ಬರ್ಬೇಕು ಅಕ್ಕ. ಗ್ರೀನ್‌ಲ್ಯಾಂಡ್ ಕಡೆಯೆಲ್ಲ ಹೋಗಿ ಬೆಳೆದು, ಮೊಟ್ಟೆ ಇಡೋಕೆ ಹುಟ್ಟಿದ ನೀರಿಗೇ ವಾಪಸ್. ಮೊದ್ಲು ರೈ ನದಿಗೆ, ಅಲ್ಲಿಂದ ನಮ್ಮ ತೊರೆಗೆ. ಈ ಊರಿನ ಹೆಸರಿಗೇ ಸಾಲ್ಮನ್ ಜಿಗಿಯೋ ಜಾಗ ಅಂತ ಅರ್ಥ."

ಆಗ್ನೆಸ್ ಸಟ್ಟುಗ ಕೆಳಗಿಟ್ಟಳು. ಹತ್ತು ವರ್ಷದಿಂದ ಬಸ್ಸಿನ ಬೋರ್ಡಿನಲ್ಲಿ ಓದಿದ ಹೆಸರು. ಅದಕ್ಕೊಂದು ಅರ್ಥ ಇರಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ.

"ಅಷ್ಟು ದೊಡ್ಡ ಕಡಲಲ್ಲಿ ದಾರಿ ಹೇಗೆ ಗೊತ್ತಾಗುತ್ತೆ?"

"ನದಿ ಹತ್ರ ಬಂದ್ಮೇಲೆ ವಾಸನೆಯಿಂದ. ಹುಟ್ಟಿದ ನೀರಿನ ವಾಸನೆ ಅದು ಮರೆಯಲ್ವಂತೆ."

ಚಹಾ ಹಿಡಿದು ಬಂದ ಆಲೋಶಿಯಸ್ ನಕ್ಕ. "ಸಾಲ್ಮನ್‌ಗೇನು ಬರ? ಸೂಪರ್‌ಮಾರ್ಕೆಟ್ ತುಂಬಾ ಬಿದ್ದಿದೆ."

"ಅದು ಕಡಲಲ್ಲಿ ಬಲೆ ಕಟ್ಟಿ ಸಾಕಿದ್ದು, ಅಣ್ಣ. ನದಿಗೆ ಬರೋ ಕಾಡು ಸಾಲ್ಮನ್ ಬೇರೆ. ಐವತ್ತು ವರ್ಷದ ಹಿಂದೆ ಈ ದೇಶಕ್ಕೆ ಹತ್ತು ಬರ್ತಿದ್ದ ಕಡೆ ಈಗ ಒಂದು ಬಂದ್ರೆ ಹೆಚ್ಚು."

"ಹಾಗಾದ್ರೆ ಕಡಲಲ್ಲೇ ಏನೋ ಆಗಿದೆ. ನಾವೇನು ಮಾಡೋಕಾಗುತ್ತೆ?"

"ಕಡಲಲ್ಲೂ ಆಗಿದೆ, ಅಣೆಕಟ್ಟಿಂದಾನೂ ಆಗಿದೆ. ಅದು ನಮ್ಮ ಕೈಲಿಲ್ಲ. ಆದ್ರೆ ಅದನ್ನೆಲ್ಲ ದಾಟಿ ಬಂದ ಹೆಣ್ಣು ಸಾಲ್ಮನ್ ಇಲ್ಲಿ ಜಲ್ಲಿಕಲ್ಲಿನ ಒಳಗೆ ಮೊಟ್ಟೆ ಇಡ್ತಾಳೆ. ಚಳಿಗಾಲ ಪೂರ್ತಿ ಆ ಸಂದಿಯಲ್ಲಿ ಒಳ್ಳೆ ನೀರು ಹರೀತಿರ್ಬೇಕು. ಕೊಳೆ ಕೂತ್ರೆ ಮೊಟ್ಟೆಗೆ ಉಸಿರು ಕಟ್ಟುತ್ತೆ."

ಆಗ್ನೆಸಳ ಕಣ್ಣು ಸಿಂಕಿನತ್ತ ಹೋಯಿತು. ಬಂಗುಡೆ ತೊಳೆದ ನೀರು, ಎಣ್ಣೆ, ಸೋಪು ಎಲ್ಲ ಸುತ್ತಿ ಸುತ್ತಿ ಇಳಿಯುತ್ತಿತ್ತು.

"ಅಲ್ಲ, ಇದು ಎಲ್ಲಿಗೆ ಹೋಗುತ್ತೆ?"

"ಡ್ರೈನ್‌ಗೆ. ಇಟ್ಸ್ ಗ್ರ್ಯಾಂಡ್, ಏನೂ ತೊಂದ್ರೆ ಇಲ್ಲ," ಎಂದ ಆಲೋಶಿಯಸ್. "ಗೋಡೆ ಪಕ್ಕ ಮಳೆನೀರಿನ ಪೈಪ್ ಇತ್ತಲ್ಲ, ಅದಕ್ಕೇ ಸೇರಿಸಿದೆ."

ವಸುಂಧರಾ ಗೋಡೆ ಪಕ್ಕದ ಆ ಪೈಪಿನತ್ತ ತಿರುಗಿದಳು. ಆಗ್ನೆಸ್ ಹುಟ್ಟಿದ ಕಾರ್ಕಳದ ಮನೆಯಲ್ಲಿ ಪಾತ್ರೆ ತೊಳೆದ ನೀರು ಬಸಳೆಯ ಬುಡಕ್ಕೆ ಹೋಗುತ್ತಿತ್ತು. ನೀರು ಎತ್ತ ಹರಿದರೂ ಯಾವುದೋ ಒಂದು ಗಿಡ ಕುಡಿಯುತ್ತದೆ ಎಂದುಕೊಂಡೇ ಗಂಡ ಹೆಂಡತಿ ಇಬ್ಬರೂ ಬೆಳೆದಿದ್ದರು.

"ನೋಡೇಬಿಡೋಣ," ಎಂದಳು ಆಗ್ನೆಸ್. ಒಳಗೆ ಅಳುಕಿತ್ತು. ನೀರು ತೊರೆಗೇ ಹೋಗುತ್ತಿದ್ದರೆ ಈ ಶೆಡ್ ಹೋಯಿತು. ಆದರೆ ಕೇಳಿದ ಮೇಲೆ ತಿಳಿಯದೆ ಇರಲು ಅವಳಿಂದಾಗಲಿಲ್ಲ.

ಹಿತ್ತಲಲ್ಲಿ ಎರಡು ಮುಚ್ಚಳಗಳಿದ್ದವು. ಒಂದು ಕೊಳಚೆಯದು, ಅದರ ನೀರು ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ. ಇನ್ನೊಂದು ಮಳೆನೀರಿನದು, ಅದು ನೇರ ತೊರೆಗೆ. ಆಲೋಶಿಯಸ್ ಎರಡನ್ನೂ ಮೀಟಿ ತೆಗೆದ. ಆಗ್ನೆಸ್ ಅಕ್ಕಿ ತೊಳೆದ ನೀರನ್ನು ಒಂದು ಬೋಗುಣಿ ಸಿಂಕಿಗೆ ಸುರಿದು ಓಡಿ ಬಂದಳು. ಮೂವರೂ ಬಗ್ಗಿದರು. ಕೊಳಚೆಯ ಗುಂಡಿ ಸುಮ್ಮನಿತ್ತು. ಮಳೆನೀರಿನ ಗುಂಡಿಯಲ್ಲಿ ಬೆಳ್ಳನೆಯ ಗೆರೆಯೊಂದು ಹರಿದು, ತೊರೆಯ ಕಡೆ ತಿರುಗಿ ಮಾಯವಾಯಿತು.

"ಯಾರ ಮನೆಯದೋ ಅಂದ್ಕೊಂಡಿದ್ದೆ," ಎಂದಳು ಆಗ್ನೆಸ್ ಮೆಲ್ಲಗೆ. "ಶೆಡ್ ಮುಚ್ಚಿಬಿಡೋಣ."

"ಯಾಕಕ್ಕ? ಪೈಪು ಕೊಳಚೆ ಲೈನಿಗೆ ತಿರುಗಿಸಿದ್ರೆ ಮುಗೀತು. ಅಲ್ಲಿವರೆಗೆ ಈ ಸಿಂಕಿಗೆ ರಜೆ. ಎಣ್ಣೆ ಮಾತ್ರ ಯಾವ ಸಿಂಕಿಗೂ ಬೇಡ. ಬಾಟಲಿಗೆ ತುಂಬಿ ರಿಸೈಕ್ಲಿಂಗ್ ಸೆಂಟರ್‌ಗೆ ಕೊಡಿ."

"ಪೈಪು ನಾನೇ ತಿರುಗಿಸ್ತೀನಿ," ಎಂದ ಆಲೋಶಿಯಸ್.

"ನೀವು ಬೇಡ!" ಎಂದು ಇಬ್ಬರು ಹೆಂಗಸರೂ ಒಟ್ಟಿಗೆ ಕೂಗಿದರು.

ಪ್ಲಂಬರ್ ಬರಲು ಎರಡು ವಾರ ಹಿಡಿಯಿತು. ಅಷ್ಟೂ ದಿನ ಆಲೋಶಿಯಸ್ ಪಾತ್ರೆಯ ಟಬ್ ಹೊತ್ತು ಮನೆಯೊಳಗೆ ತಂದ.

ಡಿಸೆಂಬರಿನ ಒಂದು ಭಾನುವಾರ, ಗಂಡ ಹೆಂಡತಿ ಚರ್ಚಿನ ಪೂಜೆ ಮುಗಿಸಿ ಬರುವಾಗ ಕಾಲುಸೇತುವೆಯ ಮೇಲೆ ನಿಂತಿದ್ದ ವಸುಂಧರಾ ಕೈಸನ್ನೆ ಮಾಡಿದಳು. ಕೆಳಗೆ, ತಿಳಿನೀರಿನಲ್ಲಿ, ತೋಳುದ್ದದ ಹೆಣ್ಣು ಮೀನೊಂದು ಮಗ್ಗುಲಾಗಿ ಹೊರಳಿ, ಮೊಟ್ಟೆಗೆ ಗುಂಡಿ ತೋಡಲು ಬಾಲದಿಂದ ಜಲ್ಲಿಕಲ್ಲು ಬಡಿಯುತ್ತಿತ್ತು. ಬಾಲದ ಅಂಚು ಸವೆದು ಬಿಳಿಯಾಗಿತ್ತು. ಆಗ್ನೆಸ್ ಕಂಬಿ ಬಿಗಿಯಾಗಿ ಹಿಡಿದಳು.

"ಮುಂದಿನ ವರ್ಷವೂ ಬರ್ತಾಳಾ?" ಆಲೋಶಿಯಸ್ ಪಿಸುಗುಟ್ಟಿದ.

"ಇವಳು ಬರೋದು ಕಷ್ಟ ಅಣ್ಣ. ಮೊಟ್ಟೆ ಇಟ್ಟ ಮೇಲೆ ಬದುಕಿ ಉಳಿಯೋದೇ ಕಡಿಮೆ. ಮಕ್ಕಳು ಬರ್ಬೇಕು. ನಾಲ್ಕೈದು ವರ್ಷ ಆಗುತ್ತೆ."

"ಆಗ್ಲಿ," ಎಂದಳು ಆಗ್ನೆಸ್. "ನಾವೆಲ್ಲಿಗೆ ಹೋಗ್ತೀವಿ? ಇಲ್ಲೇ ಇರ್ತೀವಿ."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಶೆಡ್‌ನಲ್ಲೂ ಸಿಂಕ್ ಇದೆಯೇ? ಗ್ಯಾರೇಜಿನಲ್ಲಿ ವಾಷಿಂಗ್ ಮೆಷಿನ್ ಇದೆಯೇ? ಮಳೆ ಇಲ್ಲದ ಒಂದು ದಿನ ನಲ್ಲಿ ಬಿಟ್ಟು, ಯಾವ ಮುಚ್ಚಳದ ಕೆಳಗೆ ನೀರು ಹರಿಯುತ್ತದೆಂದು ನೋಡಿ. ಗುಂಡಿಗೆ ಮಾತ್ರ ಇಳಿಯಬೇಡಿ. ಅನುಮಾನವಿದ್ದರೆ ಪ್ಲಂಬರನ್ನು ಕರೆಯಿರಿ. ಬ್ಲೀಚು, ಪೇಂಟು, ಕಾರು ತೊಳೆದ ಸೋಪುನೀರು ರಸ್ತೆಬದಿಯ ಚರಂಡಿಗೆ ಹೋಗದಿರಲಿ. ತೊರೆಯಲ್ಲಿ ನೊರೆಯೋ ಸತ್ತ ಮೀನೋ ಕಂಡರೆ ನದಿ, ಕೆರೆಗಳ ಮೀನು ಕಾಯುವ ಸರ್ಕಾರಿ ಸಂಸ್ಥೆ ಇನ್‌ಲ್ಯಾಂಡ್ ಫಿಶರೀಸ್ ಐರ್ಲೆಂಡ್‌ಗೆ ಅಂದೇ ಫೋನ್ ಮಾಡಿ. ಕಡಲು ದಾಟಿ ಬರುವವಳ ಕೊನೆಯ ಮೈಲಿ ನಿಮ್ಮ ಹಿತ್ತಲ ಹಿಂದೆಯೇ ಇರಬಹುದು. ಅದನ್ನು ತಿಳಿಯಾಗಿಡಿ.